ಹೆಬ್ಬೆರಳಿನ ಸಾರ್ವಜನಿಕ ಜೀವನ

ನನ್ನ ಬಲಗಾಲಿನ ಹೆಬ್ಬೆರಳು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದ್ದು ಕಳೆದ ಚಳಿಗಾಲದಲ್ಲಿ, ಕೊರಿಯಾದ ಸುವೋನ್‌ನ ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿರುವ ಶಿಶುವಿಹಾರದ ಹೊಸ್ತಿಲಲ್ಲಿ. ಅಲ್ಲಿಯವರೆಗೆ ಅದು ಮರ್ಯಾದಸ್ಥ ಮನೆತನದ ಹೆಬ್ಬೆರಳುಗಳ ಹಾಗೆ ಬೂಟಿನೊಳಗೆ ತಲೆ ತಗ್ಗಿಸಿಕೊಂಡು ಬಾಳಿತ್ತು.

ಮಗಳು ಸೆಬೊಮ್‌ಗೆ ಒಂದು ಜಾಗ ಕೇಳಲು ಹೋಗಿದ್ದೆವು. ನಾನು ಮದುವೆಯ ಕೋಟು ಹಾಕಿಕೊಂಡಿದ್ದೆ. ಟೈ ಕಟ್ಟಿದ್ದೆ. ಕೂದಲಿಗೆ (ಉಳಿದಿರುವುದಕ್ಕೆ) ನೀರು ಹಚ್ಚಿ ಬಾಚಿದ್ದೆ. ಲಿಫ್ಟ್ ಕಂಪನಿಯ ಉಪಮುಖ್ಯಸ್ಥನ ಗತ್ತಿಗೆ ಎಲ್ಲೂ ಲೋಪ ಬಾರದಂತೆ ತಲೆಯಿಂದ ಮೊಣಕಾಲಿನವರೆಗೆ ಎಚ್ಚರ ವಹಿಸಿದ್ದೆ. ಅದರಿಂದ ಕೆಳಗೆ ನೋಡಿಕೊಂಡಿರಲಿಲ್ಲ. ಬೂಟು ಬಿಚ್ಚಿ ಒಳಗೆ ಕಾಲಿಟ್ಟೆ ನೋಡಿ, ಕಾಲ್ಚೀಲದ ತುದಿ ಹರಿದು ಹೆಬ್ಬೆರಳು ಮೊಟ್ಟೆಯೊಡೆದ ಮರಿಯಂತೆ ತಲೆ ಹೊರಗಿಟ್ಟು ಶಿಶುವಿಹಾರವನ್ನು ಕಣ್ತುಂಬ ನೋಡುತ್ತಿತ್ತು.

ತಕ್ಷಣ ಎಡಪಾದವನ್ನು ಅದರ ಮೇಲಿಟ್ಟು ಕೊಕ್ಕರೆಯಂತೆ ನಿಂತೆ. ಮುಖ್ಯಸ್ಥೆ ತಾಕ್ ಮೇಡಂ ಬಹಳ ಸಂಭಾವಿತೆ. ನನ್ನ ಮುಖವನ್ನೇ ನೋಡುತ್ತಾ ಮಾತಾಡಿದರು. ಆದರೆ ಯುನ್‌ಜು (ನನ್ನ ಹೆಂಡತಿ) ಎದೆಗೆ ಕಟ್ಟಿಕೊಂಡಿದ್ದ ಮಗುವನ್ನು ಬಿಚ್ಚಿ ಚಾಪೆಯ ಮೇಲೆ ಬಿಟ್ಟಳು. ಸೆಬೊಮ್‌ಗೆ ಆಗ ಹಲ್ಲು ಬರುವ ಕಾಲ. ಅವಳ ಸುತ್ತ ಬಣ್ಣಬಣ್ಣದ ಮರದ ದಿಮ್ಮಿಗಳು, ಕಿಣಿಕಿಣಿ ಎನ್ನುವ ಕರಡಿ, ಬಟ್ಟೆಯ ಮೊಲ. ಅವೆಲ್ಲವನ್ನೂ ಅಸಡ್ಡೆಯಿಂದ ದಾಟಿಕೊಂಡು ಅಂಬೆಗಾಲಲ್ಲಿ ನೆಟ್ಟಗೆ ನನ್ನ ಕಡೆ ಬಂದಳು. ನನ್ನ ಎಡಪಾದವನ್ನು ಪಕ್ಕಕ್ಕೆ ತಳ್ಳಿದಳು. ಮೂತಿಯಿಟ್ಟು ಹೆಬ್ಬೆರಳನ್ನು ಕಚ್ಚಿದಳು.

‘ಅಯ್ಯಯ್ಯಪ್ಪಾ!’ ಎಂದೆ. ಒಳಗಿನ ಕೋಣೆಯಲ್ಲಿ ಮಲಗಿದ್ದ ಹಸುಗೂಸುಗಳೆಲ್ಲ ಎದ್ದು ಕೋರಸ್ಸಿನಲ್ಲಿ ಅಳತೊಡಗಿದವು.

‘ಅಪ್ಪ ಅಂದ್ರೆ ತುಂಬ ಪ್ರೀತಿ ಅಲ್ವಾ?’ ಎಂದರು ತಾಕ್ ಮೇಡಂ, ಆಗಲೂ ನನ್ನ ಮುಖವನ್ನೇ ನೋಡುತ್ತಾ. ‘ಹೆಸರು ಯಾವಾಗ ಬರೆಸಿದ್ರಿ?’

‘ಬರೆಸೋಕೇ ಬಂದಿದ್ದೀವಿ,’ ಎಂದಳು ಯುನ್‌ಜು. ‘ಮಾರ್ಚಿಗೆ ಜಾಗ ಬೇಕಿತ್ತು.’

‘ಈ ಮಾರ್ಚಿಗಾ!’ ತಾಕ್ ಮೇಡಂ ಮರುಕದಿಂದ ನಮ್ಮಿಬ್ಬರನ್ನೂ ನೋಡಿದರು. ‘ತಪ್ಪು ತಿಳ್ಕೋಬೇಡಿ. ನಮ್ಮ ಬ್ಲಾಕಿನ ಹೆಣ್ಣುಮಕ್ಕಳು ಬಸುರಿಯಾದ್ರೆ ಗಂಡನಿಗೆ ಆಮೇಲೆ ಹೇಳ್ತಾರೆ, ಮೊದಲು ನನಗೆ ಹೇಳ್ತಾರೆ.’

ಹೀಗೆ ನಮ್ಮ ಮಗಳು ಸರದಿಯ ಬಾಲದ ತುದಿಯಲ್ಲಿ ನಿಂತಳು. ಹೆಬ್ಬೆರಳಿನ ರುಚಿ ಮಾತ್ರ ಅವಳಿಗೆ ಅಂದಿನಿಂದ ಹತ್ತಿತು. ಮನೆಯಲ್ಲಿ ನಾನು ಬರಿಗಾಲಲ್ಲಿ ಸೋಫಾದ ಮೇಲೆ ಕೂತರೆ ಸಾಕು, ಯಾವ ಕೋಣೆಯಲ್ಲಿದ್ದರೂ ವಾಸನೆ ಹಿಡಿದು ಬರುವಳು. (ವಾಸನೆಯ ವಿಚಾರದಲ್ಲಿ ಯುನ್‌ಜುಗೆ ಬೇರೆ ಅಭಿಪ್ರಾಯಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ.) ಬಂಧುಬಳಗದವರೆಲ್ಲ ಬಂದು ಈ ದೃಶ್ಯ ನೋಡಿ ನಕ್ಕು ಹೋದರು. ನಾನು ಮನೆಯೊಳಗೆ ದಪ್ಪ ಕಾಲ್ಚೀಲ ಹಾಕಿಕೊಂಡು ಓಡಾಡುವುದನ್ನು ರೂಢಿ ಮಾಡಿಕೊಂಡೆ.

ಈಗ ಸಮಸ್ಯೆಯ ಮೂಲಕ್ಕೆ ಬರೋಣ. ಯುನ್‌ಜುವಿನ ಹೆರಿಗೆ ರಜೆ ಮಾರ್ಚಿಗೆ ಮುಗಿಯುತ್ತಿತ್ತು. ಬಂದರಿಗೆ ಬರುವ ಸರಕುಗಳನ್ನು ಸುಂಕದವರಿಂದ ಬಿಡಿಸಿಕೊಡುವ ಕಂಪನಿ ಅವಳದು. ಅವಳು ವಾಪಸು ಬಂದ ಕೂಡಲೇ ವಿಭಾಗದ ಮುಖ್ಯಸ್ಥೆ ಮಾಡುತ್ತೇವೆಂದು ಹೇಳಿದ್ದರು. ಹೊಸ ಬೂಟು ಕೊಂಡು ಪೆಟ್ಟಿಗೆಯಿಂದ ತೆಗೆದು ಬಾಗಿಲ ಬಳಿ ಇಟ್ಟಿದ್ದಳು. ಆ ಬೂಟಿನ ಮೂತಿ ಹೊರಬಾಗಿಲ ಕಡೆಗಿತ್ತು.

‘ನಾನು ಹೋಗೋದಂತೂ ಹೋಗೋದೇ. ಸೆಬೊಮ್ ಅಪ್ಪಾ, ಮಗು ಯಾರ ಹತ್ರ ಇರುತ್ತೆ ಅಂತ ನೀವೇ ಹೇಳಿ,’ ಎಂದಳು.

‘ನೋಡೋಣ’ ಎಂದೆ. ಈ ಪದವನ್ನು ಕಂಡುಹಿಡಿದವನು ಖಂಡಿತ ಗಂಡಸಾಗಿರಬೇಕು.

‘ನೀವೇ ರಜೆ ಹಾಕಬಹುದಲ್ಲ? ಅಪ್ಪಂದಿರಿಗೂ ಒಂದು ವರ್ಷ ಕೊಡ್ತಾರೆ. ಕಾನೂನಲ್ಲೇ ಇದೆ.’

ಇದೆ. ಕಾನೂನಿನಲ್ಲಿ ಇದೆ. ಕಾನೂನು ಪುಸ್ತಕದಲ್ಲಿದೆ, ಪುಸ್ತಕ ನಮ್ಮ ಆಫೀಸಿನ ಬೀರುವಿನಲ್ಲಿದೆ, ಬೀರುವಿನ ಮುಂದೆ ನಮ್ಮ ಮುಖ್ಯಸ್ಥರಾದ ಗು ಅವರ ಕುರ್ಚಿ ಇದೆ. ಗು ಸಾಹೇಬರು ಕೆಟ್ಟವರಲ್ಲ. ಹೊಸ ಲಿಫ್ಟಿನ ಗುಂಡಿ ಒತ್ತುವ ಮುಂಚೆ ಹಂದಿಯ ತಲೆ ಇಟ್ಟು ಸಾಷ್ಟಾಂಗ ನಮಸ್ಕಾರ ಹಾಕದೆ ಮುಂದುವರಿಯದ ದೈವಭೀರು. ಆಫೀಸಿನ ಬಾಗಿಲಿಗೆ ಒಣಮೀನು ಕಟ್ಟಿ ದೃಷ್ಟಿ ತೆಗೆಸುವವರು. ಆದರೆ ರಜೆಯ ಮಾತೆತ್ತಿದರೆ, ‘ನಮ್ಮ ಆಫೀಸು ಅಂದ್ರೆ ಒಂದು ಕುಟುಂಬ ಇದ್ದ ಹಾಗೆ. ಕುಟುಂಬದಿಂದ ಯಾರಾದ್ರೂ ರಜೆ ತಗೋತಾರಾ?’ ಎನ್ನುತ್ತಿದ್ದರು. ಹಿಂದೊಮ್ಮೆ ಪಿಯೋ ಎಂಬ ಯುವಕ ಧೈರ್ಯ ಮಾಡಿ ರಜೆ ಹಾಕಿದ. ವಾಪಸು ಬಂದಾಗ ಅವನ ಮೇಜು ಜೆರಾಕ್ಸ್ ಯಂತ್ರದ ಪಕ್ಕಕ್ಕೆ ಹೋಗಿತ್ತು. ಈಗ ಕಾಗದ ಸಿಕ್ಕಿಹಾಕಿಕೊಂಡಾಗಲೆಲ್ಲ ಅವನನ್ನೇ ಕೂಗುತ್ತಾರೆ. ನನಗೋ ಆ ವಸಂತಕ್ಕೆ ಬಡ್ತಿ ಬರುವುದಿತ್ತು.

ಇವನ್ನೆಲ್ಲ ಹೆಂಡತಿಗೆ ವಿವರಿಸಿದೆ. ‘ಹಾಗಾದ್ರೆ ನನ್ನ ಮೇಜು ಜೆರಾಕ್ಸ್ ಹತ್ರ ಹೋದ್ರೆ ಪರವಾಗಿಲ್ಲ,’ ಎಂದು ಎದ್ದು ಹೋದಳು. ಅಡಿಗೆಮನೆಯಿಂದ ಪಾತ್ರೆಗಳು ಅವಳ ಪರವಾಗಿ ಮಾತು ಮುಂದುವರಿಸಿದವು.

ಉಳಿದದ್ದು ಅಜ್ಜಿಯರು. ದೇಶದ ಆರ್ಥಿಕತೆ ನಿಂತಿರುವುದೇ ಅಜ್ಜಿಯರ ಸೊಂಟದ ಮೇಲೆ ಎಂಬುದು ಎಲ್ಲರಿಗೂ ಗೊತ್ತು. ಮೊದಲು ಅಮ್ಮನಿಗೆ ಫೋನು ಮಾಡಿದೆ.

‘ಸೆಬೊಮ್ ಹೇಗಿದ್ದಾಳೋ? ನನ್ನ ಪ್ರಾಣ ಕಣೋ ಅವಳು!’

‘ಅದಕ್ಕೇ ಅಮ್ಮಾ, ಸೋಮವಾರದಿಂದ ಶುಕ್ರವಾರದವರೆಗೆ ನೀನೇ...’

‘ಪ್ರಾಣಾನ ದಿನಾ ಎತ್ಕೊಂಡು ಓಡಾಡೋಕಾಗುತ್ತೇನೋ? ಈ ಸೊಂಟಾನ ಏನಂತ ತಿಳ್ಕೊಂಡಿದ್ದೀಯ?’

ಆ ಸೊಂಟ ಆಗ ತೇಗು ಊರಿಗೆ ಹೊರಟ ಬಸ್ಸಿನಲ್ಲಿತ್ತು. ಹಳೇ ಧಾಟಿಯ ಹಾಡುಗಳನ್ನು ಹಾಡುವ ಒಬ್ಬ ಚೆಲುವ ಹುಡುಗನಿದ್ದಾನೆ. ಅವನ ಅಭಿಮಾನಿ ಬಳಗಕ್ಕೆ ಅಮ್ಮ ನಮ್ಮ ಜಿಲ್ಲೆಯ ಖಜಾಂಚಿ. ನೇರಳೆ ಬಣ್ಣದ ಟೋಪಿ, ನೇರಳೆ ಜಾಕೆಟ್ ತೊಟ್ಟು ಅವನು ಹಾಡಿದಲ್ಲೆಲ್ಲ ಹೋಗಿ ದೀಪದ ಕಡ್ಡಿ ಅಲ್ಲಾಡಿಸುತ್ತಾಳೆ. ನಾನು ಅವಳ ಒಬ್ಬನೇ ಮಗ ಎಂದುಕೊಂಡು ಬೆಳೆದಿದ್ದೆ. ಈಗ ನನಗೊಬ್ಬ ತಮ್ಮನಿದ್ದಾನೆ, ಅವನಿಗೆ ಕಂಠವೂ ಇದೆ, ಕೂದಲೂ ಇದೆ.

ಆಮೇಲೆ ಅತ್ತೆಗೆ ಮಾಡಿದೆ.

‘ಅಯ್ಯೋ ಅಳಿಯಂದ್ರೇ, ಮೊಮ್ಮಗು ಅಂದ್ಮೇಲೆ ನಾನಲ್ದೆ ಇನ್ಯಾರು ನೋಡ್ಕೋಬೇಕು! ಆದ್ರೆ ಏನ್ಮಾಡ್ಲಿ, ಮೊಣಕಾಲು ಮಡಚೋಕೇ ಆಗ್ತಿಲ್ಲ, ಮಂಚ ಬಿಟ್ಟು ಇಳಿಯೋಕಾಗ್ತಿಲ್ಲ.’

‘ಅತ್ತೆ, ಗಾಳಿ ಶಬ್ದ ಜೋರಾಗಿ ಬರ್ತಿದೆಯಲ್ಲ?’

‘ಕಿಟಕಿ ತೆಗ್ದಿದ್ದೀನಿ.’

ಸಂಜೆ ಅವರ ಗುಡ್ಡ ಹತ್ತುವ ಸಂಘದವರು ಇಂಟರ್ನೆಟ್ಟಿನಲ್ಲಿ ಒಂದು ಫೋಟೋ ಹಾಕಿದರು. ಶಿಖರದ ತುದಿಯ ಬಂಡೆಯ ಮೇಲೆ, ಗಿಳಿಹಸಿರು ಜಾಕೆಟ್ಟಿನಲ್ಲಿ, ಕೈಯಲ್ಲಿ ಅಕ್ಕಿ ಹೆಂಡದ ಬಟ್ಟಲು ಹಿಡಿದು, ಒಂದು ಕಾಲನ್ನು ಮಡಚಿ ಎತ್ತಿ ನಿಂತಿದ್ದವರು ನಮ್ಮ ಅತ್ತೆ. ಮಂಚ ಎಲ್ಲೂ ಕಾಣಲಿಲ್ಲ.

ಅನಂತರ ‘ವಿಶ್ವನಾಯಕ ಶಿಶು ಅಕಾಡೆಮಿ’ಗೆ ಹೋದೆವು. ಅಲ್ಲಿ ಮಕ್ಕಳು ಮಲಗುವುದಿಲ್ಲ, ‘ವಿಶ್ರಾಂತಿಯನ್ನು ನಿರ್ವಹಿಸುತ್ತಾರೆ’. ಮಣ್ಣು ತಿಂದರೆ ಅದು ‘ನಿಸರ್ಗದೊಂದಿಗೆ ಸಂವಾದ’. ನಿರ್ದೇಶಕಿ ಕನ್ನಡಕದ ಮೇಲಿಂದ ನೋಡುತ್ತಾ ಸಂದರ್ಶನ ಶುರು ಮಾಡಿದರು. ‘ನಿಮ್ಮ ಮಗುವಿನ ಬಲ ಏನು?’

‘ಹಲ್ಲು,’ ಎಂದೆ.

‘ದೌರ್ಬಲ್ಯ?’

‘ಹೆಬ್ಬೆರಳು.’

ಅವರು ತಲೆಯಾಡಿಸಿ, ಇಂಥ ಮಕ್ಕಳಿಗಾಗಿಯೇ ವಿಶೇಷ ತರಗತಿ ಇದೆ ಎಂದರು. ಶುಲ್ಕ ಕೇಳಿದ ಮೇಲೆ ನನಗೆ ವಿಶ್ರಾಂತಿಯನ್ನು ನಿರ್ವಹಿಸಬೇಕೆನಿಸಿತು. ಹೊರಡುವಾಗ ಮಗುವಿನ ಕೈಗೆ ಅಕಾಡೆಮಿಯ ಗುರುತಿನ ಒಂದು ಬಟ್ಟೆಯ ಸಿಂಹ ಕೊಟ್ಟರು. ಅದೊಂದೇ ಅಲ್ಲಿ ಪುಕ್ಕಟೆ.

ಕೊನೆಗೆ, ಮನೆಗೇ ಬಂದು ಮಗು ನೋಡಿಕೊಳ್ಳುವ ‘ಚಿಕ್ಕಮ್ಮ’ನನ್ನು ಕರೆಸಿದೆವು. (ನಮ್ಮಲ್ಲಿ ಈ ಕೆಲಸದ ಹೆಂಗಸರಿಗೆಲ್ಲ ಅದೇ ಹೆಸರು. ಸಂಬಳ ಕೊಟ್ಟು ಇಟ್ಟುಕೊಳ್ಳುವ ಏಕೈಕ ನೆಂಟರು.) ಸಂದರ್ಶನ ಮಾಡೋಣವೆಂದು ನಾನು ಕುರ್ಚಿ ಎಳೆದು ಕೂರುವಷ್ಟರಲ್ಲಿ ಆಕೆ ಕಿಮ್ಚಿಯ (ನಮ್ಮ ಎಲೆಕೋಸಿನ ಉಪ್ಪಿನಕಾಯಿ) ಫ್ರಿಜ್ಜು ತೆರೆದು ಒಂದು ಎಳೆ ಬಾಯಿಗೆ ಹಾಕಿಕೊಂಡಾಗಿತ್ತು.

‘ಇದನ್ನ ಯಾರು ಹಾಕಿದ್ದು?’

‘ಅಂಗಡೀದು ಚಿಕ್ಕಮ್ಮ,’ ಎಂದಳು ಯುನ್‌ಜು, ಕಳ್ಳತನ ಒಪ್ಪಿಕೊಳ್ಳುವ ದನಿಯಲ್ಲಿ.

‘ಹೂಂ. ಮನೇಲಿ ಕ್ಯಾಮೆರಾ ಇದೆಯಾ?’

‘ಛೆ ಛೆ, ನಿಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದೆ ನಾನು ಉದಾರವಾಗಿ.

‘ನನಗೆ ನಿಮ್ಮ ಮೇಲೆ ಇಲ್ಲ. ಹಾಕ್ಸಿ. ನಾಳೆ ಮಗು ಬಿದ್ರೆ ನಾನು ತಳ್ಳಲಿಲ್ಲ ಅನ್ನೋಕೆ ಸಾಕ್ಷಿ ಬೇಕಲ್ಲ. ಮಗು ಅಪ್ಪ ಎಷ್ಟು ಹೊತ್ತಿಗೆ ಬರ್ತಾರೆ?’

‘ಇವರು ಬೇಗ ಬಂದ್ಬಿಡ್ತಾರೆ,’ ಎಂದಳು ಯುನ್‌ಜು ಹೆಮ್ಮೆಯಿಂದ.

ಚಿಕ್ಕಮ್ಮ ಎದ್ದು ಚೀಲ ಹೆಗಲಿಗೇರಿಸಿದರು. ‘ಗಂಡಸರು ಬೇಗ ಬರೋ ಮನೇಲಿ ನಾನು ಮಾಡಲ್ಲ ತಾಯಿ. ಒಂದು ಮಗು ಅಂತ ಒಪ್ಕೊಂಡು ಎರಡು ನೋಡ್ಕೋಬೇಕಾಗುತ್ತೆ.’

ಹೀಗೆ ಎಲ್ಲ ಬಾಗಿಲೂ ಮುಚ್ಚಿ, ಬಾಗಿಲ ಬಳಿಯ ಬೂಟು ಮಾತ್ರ ದಿನದಿನಕ್ಕೆ ಹೆಚ್ಚು ಹೊಳೆಯುತ್ತಿದ್ದಾಗ ನನ್ನ ತಲೆಯಲ್ಲಿ ಒಂದು ಮಹಾನ್ ಉಪಾಯ ಉದಯಿಸಿತು. ಫೆಬ್ರವರಿಯ ಕೊನೆಗೆ ಸೆಬೊಮ್‌ಳ ಮೊದಲ ಹುಟ್ಟುಹಬ್ಬ. ಆ ದಿನ ಎಲ್ಲ ಮನೆಗಳಲ್ಲೂ ಮಾಡುವಂತೆ ನಮ್ಮಲ್ಲೂ ದೋಲ್‌ಜಾಬಿ ಇದ್ದೇ ಇತ್ತು. ಮಗುವಿನ ಮುಂದೆ ದಾರ, ದುಡ್ಡು, ಪೆನ್ಸಿಲ್ ಹರವುತ್ತಾರೆ. ಮಗು ಯಾವುದನ್ನು ಹಿಡಿಯುತ್ತದೋ ಅದೇ ಅದರ ಭವಿಷ್ಯ. (ನಾನು ಪೆನ್ಸಿಲ್ ಹಿಡಿದಿದ್ದೆನಂತೆ. ಮಹಾ ವಿದ್ವಾಂಸನಾಗುತ್ತೇನೆಂದು ಅಜ್ಜ ಇಡೀ ಬೀದಿಗೆ ಊಟ ಹಾಕಿದ್ದರಂತೆ. ಈಗ ಆ ಬೀದಿಯಲ್ಲಿ ಎರಡು ಲಿಫ್ಟ್ ಮಾರಿದ್ದೇನೆ.)

ಊಟದ ಮೇಜಿನ ಮುಂದೆ ಇಬ್ಬರು ಅಜ್ಜಿಯರನ್ನೂ ಹೆಂಡತಿಯನ್ನೂ ಕೂರಿಸಿ ಘೋಷಿಸಿದೆ. ‘ಭವಿಷ್ಯ ಹೇಗೂ ಆಮೇಲೆ ಬರುತ್ತೆ. ಈ ಸಲ ದಾರ, ಪೆನ್ಸಿಲ್ ಬೇಡ. ಅಮ್ಮನ ಟೋಪಿ, ಅತ್ತೆಯ ಅನ್ನದ ಸಟ್ಟುಗ, ಅಕಾಡೆಮಿಯ ಸಿಂಹ, ಇವನ್ನ ಇಡೋಣ. ಮಗು ಯಾವುದನ್ನ ಮುಟ್ಟುತ್ತೋ ಅಲ್ಲಿಗೆ ಹೋಗುತ್ತೆ. ದೈವೇಚ್ಛೆ! ಅದರ ಮುಂದೆ ಸೊಂಟ, ಮೊಣಕಾಲು ಯಾವುದೂ ನಡೆಯೋ ಹಾಗಿಲ್ಲ.’

ದೊಡ್ಡ ಜಗಳಕ್ಕೆ ಸಿದ್ಧವಾಗಿ ಬಂದಿದ್ದೆ. ಅಮ್ಮನೂ ಅತ್ತೆಯೂ ನನ್ನ ಮದುವೆಯ ಮಂಟಪದ ಹೂವಿನ ಬಣ್ಣದಿಂದ ಹಿಡಿದು ಇಂದಿನವರೆಗೆ ಯಾವ ವಿಚಾರದಲ್ಲೂ ಒಮ್ಮತಕ್ಕೆ ಬಂದವರಲ್ಲ. ಅಂಥವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ಆಗ್ಲಿ’ ಎಂದುಬಿಟ್ಟರು.

‘ಹಾಗಿದ್ರೆ ನಿಮ್ಮದೂ ಒಂದು ಇಡಿ,’ ಎಂದಳು ಯುನ್‌ಜು. ‘ನಿಮ್ಮ ಆಫೀಸಿನ ಗುರುತಿನ ಕಾರ್ಡು. ಮಗು ಅದನ್ನ ಹಿಡಿದ್ರೆ ನೀವು ರಜೆ ಹಾಕಬೇಕು.’

‘ಧಾರಾಳವಾಗಿ!’

‘ವಸ್ತುವನ್ನೇ ಹಿಡೀಲಿ, ಮನುಷ್ಯರನ್ನೇ ಹಿಡೀಲಿ, ಅದೇ ಕೊನೆ. ಆಮೇಲೆ ಯಾರೂ ತಕರಾರು ತೆಗೆಯೋ ಹಾಗಿಲ್ಲ.’

‘ತಕರಾರು ತೆಗೆದವರು ಮನುಷ್ಯರೇ ಅಲ್ಲ,’ ಎಂದು ನಾನೇ ಮೇಜು ಗುದ್ದಿ ಹೇಳಿದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ದೈವೇಚ್ಛೆಯ ಮೇಲೆ ನನಗೆ ಅಪಾರ ಗೌರವ. ಗೌರವವಿರುವವರಿಗೆ ಸ್ವಲ್ಪ ನೆರವು ನೀಡುವುದು ನಮ್ಮ ಧರ್ಮ. ನನ್ನ ಒಲವು ಅತ್ತೆಯ ಕಡೆಗಿತ್ತು. ಅತ್ತೆ ಮನೆಗೆ ಬಂದರೆ ಜತೆಗೆ ಅವರ ಕೈಯ ಹುರಿದ ಮೀನು, ಸೊಪ್ಪಿನ ಪಲ್ಯ, ಎಳ್ಳೆಣ್ಣೆಯ ಘಮಘಮ ಎಲ್ಲ ಬರುತ್ತದೆ. ಆದ್ದರಿಂದ ಸಟ್ಟುಗದ ಹಿಡಿಗೆ ಅಕ್ಕಿಯಿಂದ ಕಾಯಿಸಿದ ಸಿಹಿಪಾಕ ಸವರುವುದು ನನ್ನ ಯೋಜನೆ. ಸೆಬೊಮ್‌ಗೆ ಆ ಪಾಕವೆಂದರೆ ಪ್ರಾಣ.

ಹುಟ್ಟುಹಬ್ಬದ ದಿನ ಬೆಳಗ್ಗೆ ಹಾಸಿಗೆಯ ಮೇಲೆ ನನ್ನ ಹಬ್ಬದ ಉಡುಪಾದ ಹಾನ್‌ಬೊಕ್ ಇಸ್ತ್ರಿಯಾಗಿ ಸಿದ್ಧವಾಗಿತ್ತು. ಮೇಲಂಗಿ, ದೊಗಲೆ ಷರಾಯಿ, ಬಿಳಿ ಕಾಲ್ಚೀಲ, ಎಲ್ಲ ಸಾಲಾಗಿ. ಮದುವೆಯಾದ ಮೇಲೆ ನನ್ನ ಬಟ್ಟೆಯನ್ನು ಯಾರೂ ಹಾಗೆ ಜೋಡಿಸಿಟ್ಟಿದ್ದು ನೆನಪಿಲ್ಲ. ಮನಸ್ಸು ತುಂಬಿ ಬಂತು. ಮನಸ್ಸು ತುಂಬಿದ್ದರಿಂದ ಬಟ್ಟೆಯನ್ನು ನೋಡದೆ ಸರಸರನೆ ಹಾಕಿಕೊಂಡು ಅಡಿಗೆಮನೆಗೆ ಓಡಿದೆ, ಯಾರಾದರೂ ಬರುವುದರೊಳಗೆ ಪಾಕದ ಕೆಲಸ ಮುಗಿಸಬೇಕಲ್ಲ. ನೆಲ ಎಂದಿಗಿಂತ ಬೆಚ್ಚಗಿದೆ ಅನ್ನಿಸಿತು. ಅತಿಥಿಗಳು ಬರುತ್ತಾರೆಂದು ಯುನ್‌ಜು ನೆಲ ಕಾಯಿಸಲು ಕೆಳಗೆ ಹರಿಸುವ ಬಿಸಿನೀರನ್ನು ಜಾಸ್ತಿ ಮಾಡಿದ್ದಾಳೆ ಅಂದುಕೊಂಡೆ.

ಪಾಕದ ಸೀಸೆಯನ್ನು ಬಗ್ಗಿಸಿ ಸಟ್ಟುಗದ ಹಿಡಿಗೆ ಸವರುತ್ತಿದ್ದೆ. ಅಷ್ಟರಲ್ಲಿ ‘ಏನೋ ಮಾಡ್ತಿದ್ದೀಯ ಅಲ್ಲಿ?’ ಎಂದು ಬೆನ್ನ ಹಿಂದೆ ಅಮ್ಮನ ದನಿ. ಬೆಚ್ಚಿಬಿದ್ದೆ. ಸೀಸೆ ಜಾರಿ, ಒಂದು ಧಾರೆ ಬಲಗಾಲಿನ ಮೇಲೆ ಬಿತ್ತು.

‘ಏನಿಲ್ಲಮ್ಮ, ಸಟ್ಟುಗ ತೊಳೀತಿದ್ದೆ.’

‘ಯಾವತ್ತೂ ಇಲ್ಲದ್ದು ಇವತ್ತು ಸಟ್ಟುಗ ತೊಳೀತಿದ್ದೀಯ! ನಡಿ ನಡಿ, ಅತಿಥಿಗಳು ಬಂದ್ರು.’ ಅಮ್ಮ ನನ್ನ ತೋಳು ಹಿಡಿದು ನಡುಮನೆಗೆ ಎಳೆದೊಯ್ದಳು. ಕಾಲು ಒರೆಸಿಕೊಳ್ಳಲು ಬಿಡುವೇ ಆಗಲಿಲ್ಲ. ಚಾಪೆಯ ಆ ತುದಿಯಲ್ಲಿ ನನ್ನನ್ನು ನಿಲ್ಲಿಸಿ, ‘ಇಲ್ಲೇ ನಿಂತ್ಕೊ, ಅಲ್ಲಾಡಬೇಡ. ಮಗು ಎದುರಿಗೆ ಬರುತ್ತೆ, ಫೋಟೋ ಚೆನ್ನಾಗಿ ಬರುತ್ತೆ,’ ಎಂದಳು. ನೆಲ ಅಂಟಂಟು ಅನ್ನಿಸುತ್ತಿತ್ತು. ಹೇಗೂ ಅಲ್ಲಾಡಲಾಗುತ್ತಿರಲಿಲ್ಲ.

ಅತಿಥಿಗಳೆಂದರೆ ಮುಖ್ಯವಾಗಿ ನಮ್ಮ ಗು ಸಾಹೇಬರು. ಬಡ್ತಿಯ ಋತುವಿನಲ್ಲಿ ಮೇಲಧಿಕಾರಿಯನ್ನು ಕರೆಯದೆ ಹುಟ್ಟುಹಬ್ಬ ಮಾಡುವಷ್ಟು ದಡ್ಡ ನಾನಲ್ಲ. ಮಗುವಿಗೆಂದು ಚಿನ್ನದ ಪುಟಾಣಿ ಉಂಗುರ ತಂದಿದ್ದರು. ಅತ್ತೆ ಅವರನ್ನು ಅಕ್ಕಿ ಕಡುಬಿನ ತಟ್ಟೆಯ ಮುಂದೆ ಕೂರಿಸಿ, ಒಂದು ನುಂಗುವುದರೊಳಗೆ ಇನ್ನೊಂದು ತುರುಕುತ್ತಿದ್ದರು.

ಚಾಪೆಯ ಮೇಲೆ ನೇರಳೆ ಟೋಪಿ, ಬಟ್ಟೆಯ ಸಿಂಹ, ಎಲ್ಲಕ್ಕಿಂತ ಹತ್ತಿರದಲ್ಲಿ ಮಿರಮಿರ ಮಿಂಚುವ ಸಟ್ಟುಗ. ನನ್ನ ಗುರುತಿನ ಕಾರ್ಡನ್ನು ಅತ್ಯಂತ ನ್ಯಾಯಬದ್ಧವಾಗಿ ಹಿಂದೆ, ಅಕ್ಕಿ ಕಡುಬಿನ ಗೋಪುರದ ಮರೆಯಲ್ಲಿ ಇಟ್ಟಿದ್ದೆ.

ಜರಿಯ ಪುಟ್ಟ ಟೋಪಿಯಲ್ಲಿ ಸೆಬೊಮ್ ಕೊರಿಯಾದ ಕಟ್ಟಕಡೆಯ ರಾಣಿಯಂತೆ ಕೂತಿದ್ದಳು. ಯುನ್‌ಜು ಅವಳನ್ನು ಚಾಪೆಗೆ ಬಿಟ್ಟಳು.

‘ಸೆಬೊಮ್, ಹಿಡಿ ಹಿಡಿ! ನಿನಗಿಷ್ಟವಾದ್ದನ್ನ ಹಿಡಿ!’ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ಸಟ್ಟುಗದ ಬಳಿಗೆ ಬಂದಳು. ಹಿಡಿಯ ಮೇಲೆ ಒಂದು ಬೆರಳಿಟ್ಟಳು, ಬೆರಳನ್ನು ಬಾಯಿಗೆ ಹಾಕಿದಳು, ಪರೀಕ್ಷಕರ ಗಾಂಭೀರ್ಯದಲ್ಲಿ ಚಪ್ಪರಿಸಿದಳು. ಅನಂತರ ತಲೆಯೆತ್ತಿ, ಇದೇ ರುಚಿ ಇನ್ನೂ ಒಳ್ಳೆಯ ಪಾತ್ರೆಯಲ್ಲಿ ಎಲ್ಲೋ ಇದೆಯಲ್ಲ ಎಂಬಂತೆ ಸುತ್ತ ನೋಡಿದಳು. ನೋಡಿದವಳ ಕಣ್ಣು ಅರಳಿತು. ಸಟ್ಟುಗ ದಾಟಿದಳು. ಟೋಪಿಯ ಮೇಲೆ ಮೊಣಕಾಲೂರಿ ದಾಟಿದಳು. ಸಿಂಹವನ್ನು ಒದ್ದಳು. ಅಂಬೆಗಾಲಿನ ರಭಸಕ್ಕೆ ಜರಿ ಟೋಪಿ ಹಾರಿ ಬಿತ್ತು. ಬಂದವಳೇ ನನ್ನ ಎರಡು ಪಾದಗಳನ್ನೂ ತಬ್ಬಿಕೊಂಡು ಬಲಗಾಲಿಗೆ ಬಾಯಿ ಹಾಕಿದಳು.

‘ಅಯ್ಯಯ್ಯಪ್ಪಾ!’

ಆಗ ಕೆಳಗೆ ನೋಡಿದೆ. ಎರಡೂ ಬಿಳಿ ಕಾಲ್ಚೀಲಗಳ ತುದಿಯಲ್ಲಿ ಎರಡು ಹೆಬ್ಬೆರಳುಗಳು ಪೂರ್ಣಚಂದ್ರರಂತೆ ಬೆಳಗುತ್ತಿದ್ದವು. ಬಲಗಡೆಯ ಚಂದ್ರನಿಗೆ ಪಾಕದ ಪ್ರಭಾವಳಿ ಬೇರೆ. ಅದು ಅವಳ ಬಾಯಲ್ಲಿತ್ತು. ಎಡಗಡೆಯದು ಮುಂದಿನ ತುತ್ತಿಗಾಗಿ ಅವಳ ಮುಷ್ಟಿಯಲ್ಲಿತ್ತು.

ಮನೆಯಲ್ಲಿ ಜಯಘೋಷ ಎದ್ದಿತು. ಅಮ್ಮ ನೇರಳೆ ಟೋಪಿಯನ್ನು ಗಾಳಿಗೆ ತೂರಿದಳು.

‘ಇದು ಲೆಕ್ಕಕ್ಕಿಲ್ಲ!’ ಎಂದು ಕೂಗಿದೆ, ಮಗುವನ್ನು ಬಿಡಿಸಿಕೊಳ್ಳಲು ಒದ್ದಾಡುತ್ತಾ. ‘ಇದು ಕಾರ್ಡಲ್ಲ, ನನ್ನ ಕಾಲು!’

‘ಕಾಲು ಯಾರದು?’ ಎಂದಳು ಯುನ್‌ಜು. ‘ಮನುಷ್ಯರನ್ನೇ ಹಿಡೀಲಿ ಅಂದಾಗ ಮೇಜು ಗುದ್ದಿದವರು ಯಾರು?’

‘ಆದ್ರೆ ನ್ಯಾಯವಾಗಿ ನೋಡಿದ್ರೆ...’

ಅತ್ತೆ ನಿಧಾನವಾಗಿ ಬಗ್ಗಿ (ಮೊಣಕಾಲು ಸೊಗಸಾಗಿ ಮಡಚಿತು) ತಮ್ಮ ಸಟ್ಟುಗ ಎತ್ತಿಕೊಂಡರು. ಹಿಡಿಯನ್ನು ಮುಟ್ಟಿ ನೋಡಿದರು, ಬೆರಳು ನೆಕ್ಕಿದರು. ‘ಅಳಿಯಂದ್ರೇ, ನನ್ನ ಸಟ್ಟುಗ ಯಾಕೋ ಇವತ್ತು ಬಹಳ ಸಿಹಿಯಾಗಿದೆ. ನ್ಯಾಯದ ವಿಚಾರ ಏನೋ ಹೇಳ್ತಿದ್ರಿ?’

ನ್ಯಾಯದ ವಿಚಾರ ನನಗೆ ಮರೆತುಹೋಯಿತು.

ಉಳಿದಿದ್ದ ಒಂದೇ ಆಸರೆ ಗು ಸಾಹೇಬರು. ದೀನವಾಗಿ ಅವರ ಕಡೆ ನೋಡಿದೆ. ಅವರ ಬಾಯಿ ತುಂಬ ಅತ್ತೆಯ ಕಡುಬಿತ್ತು.

‘ಇವರ ರಜೆಗೆ ಸಹಿ ಹಾಕೋರು ನೀವೇನಾ?’ ಎಂದರು ಅತ್ತೆ.

ಸಾಹೇಬರು ಬಾಯಿ ತೆರೆಯಲಾಗದೆ ತಲೆಯಾಡಿಸಿದರು.

‘ಮಗು ತಾನೇ ಆರಿಸ್ಕೊಂಡಿದೆ. ಎಲ್ಲರೂ ನೋಡಿದ್ದೀರಿ,’ ಎಂದಳು ಅಮ್ಮ, ಅವರ ಇನ್ನೊಂದು ಪಕ್ಕದಲ್ಲಿ ಬಂದು ಕೂತು. ‘ನಮ್ಮ ಬೀದಿಯಲ್ಲಿ ಒಬ್ಬರು ದೋಲ್‌ಜಾಬಿಯ ಮಾತು ಮೀರಿದ್ರು ಸ್ವಾಮಿ. ಆ ವರ್ಷ ಅವರ ಅಂಗಡೀಲಿ ಯಾವ ಯಂತ್ರ ಮುಟ್ಟಿದ್ರೂ ನಿಂತುಹೋಗ್ತಿತ್ತು. ನಿಮ್ಮದು ಲಿಫ್ಟಿನ ವ್ಯಾಪಾರ ಅಲ್ವಾ?’

ಗು ಸಾಹೇಬರ ಮುಖ ಕಡುಬಿಗಿಂತ ಬೆಳ್ಳಗಾಯಿತು. ಪ್ರಯಾಸದಿಂದ ನುಂಗಿ, ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿ, ‘ಒಂದು ವರ್ಷ ಪೂರ್ತಿ ತಗೊಳ್ಳಯ್ಯಾ. ಅರ್ಧಕ್ಕೆ ಬಂದುಬಿಟ್ಟೀಯ, ಜೋಕೆ!’ ಎಂದರು. ಮಹಾತ್ಮರು ಹೋಗುವಾಗ ಮಗುವಿನ ಕಾಲಿಗೆ ನಮಸ್ಕಾರ ಮಾಡಿ ಹೋದರು.

ಮಾರ್ಚಿನಲ್ಲಿ ಬಾಗಿಲ ಬಳಿಯ ಹೊಸ ಬೂಟು ಹೊರಟುಹೋಯಿತು. ನಾನು ಉಳಿದೆ.

ಆಮೇಲಿನ ದಿನಗಳನ್ನು ವಿಸ್ತಾರವಾಗಿ ಬರೆಯುವುದಿಲ್ಲ. ಮಗುವಿಗೆ ಗಂಜಿ ಕಾಯಿಸಿದ್ದೇನೆ. ಆ ಗಂಜಿಯನ್ನು ಗೋಡೆಯಿಂದ ಕೆರೆದು ತೆಗೆದಿದ್ದೇನೆ. ಮಗು ಮಲಗಿತೆಂದು ಉಸಿರು ಹಿಡಿದು ಹೊರಬರುವಾಗ ನನ್ನ ಮೊಣಕಾಲೇ ಲಟಕ್ಕೆಂದು ಅದನ್ನು ಎಬ್ಬಿಸಿದೆ. ಆಟದ ಮೈದಾನದಲ್ಲಿ ಬೆಂಚಿನ ಮೇಲಿನ ಅಜ್ಜಿಯರು ‘ಎಂಥ ಅಪ್ಪ! ಚಿನ್ನದಂಥ ಅಪ್ಪ!’ ಎಂದು ಹಾಡಿ ಹೊಗಳಿದರು. ಒಂದು ವರ್ಷ ಇದನ್ನೇ ಮಾಡಿದ ಯುನ್‌ಜುಗೆ ಅದೇ ಬೆಂಚು ‘ಮಗುವಿಗೆ ಟೋಪಿ ಹಾಕ್ಬಾರ್ದಾ?’ ಎಂದಿತ್ತಂತೆ. ನಾನು ಹೊಗಳಿಕೆಗೆ ತಲೆಬಾಗಿ ಹತ್ತು ಹೆಜ್ಜೆ ಹೋದ ಮೇಲೆ, ‘ಪಾಪ, ಕೆಲಸ ಹೋಗಿರಬೇಕು,’ ಎಂಬ ಮಾತೂ ಕೇಳಿಸಿತು.

ಬಡ್ತಿ ಜೆರಾಕ್ಸಿನ ಪಿಯೋಗೆ ಬಂತು. ಸರದಿ ಹೇಗೆ ತಪ್ಪಿತು ನೋಡಿ. ನನ್ನ ಮೇಜು ಎಲ್ಲಿ ಹೋಯಿತೆಂದು ನಾನು ಕೇಳಿಲ್ಲ. ತಾಕ್ ಮೇಡಂ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನನ್ನ ಮುಖವನ್ನೇ ನೋಡುತ್ತಾ ‘ಇನ್ನು ಸ್ವಲ್ಪ ಕಾಯಬೇಕು’ ಎನ್ನುತ್ತಾರೆ. ಅಮ್ಮ ಬಸ್ಸಿನಿಂದ ಫೋನು ಮಾಡಿ ಮಗು ಹೇಗಿದೆ ಎಂದು ಕೇಳುತ್ತಾಳೆ, ಅತ್ತೆ ಬೆಟ್ಟದಿಂದ. ಯುನ್‌ಜು ಈಗ ವಿಭಾಗದ ಮುಖ್ಯಸ್ಥೆ. ‘ಎಷ್ಟು ಹೊತ್ತಿಗೆ ಬರ್ತೀಯ? ಸಾರು ಆರಿ ಹೋಗುತ್ತೆ,’ ಎಂದರೆ ‘ನೋಡೋಣ’ ಎನ್ನುತ್ತಾಳೆ. ಆ ಪದವನ್ನು ಕಂಡುಹಿಡಿದವನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ.

ಇಷ್ಟಾದರೂ ನಾನು ಒಂದು ದಿನವೂ ಗೊಣಗಲಿಲ್ಲ. ಕಾರಣ ಪಾಕ. ಮೋಸ ಮಾಡಹೋದವನ ಕಾಲಿಗೇ ಅದು ಸುರಿಯಿತಲ್ಲ, ಇದು ನನ್ನ ಕರ್ಮದ ಫಲ, ಯಾರನ್ನು ದೂರಲಿ ಎಂದು ಸಂತನಂತೆ ಬಟ್ಟೆ ಒಗೆಯುತ್ತಿದ್ದೆ.

ಆ ಬಟ್ಟೆಯೇ ನನ್ನ ಕಣ್ಣು ತೆರೆಸಿತು. ಕಳೆದ ವಾರ ಬೀರು ಚೊಕ್ಕಟ ಮಾಡುವಾಗ ಹಾನ್‌ಬೊಕ್‌ನ ಮಡಿಕೆಯೊಳಗಿಂದ ಆ ಬಿಳಿ ಕಾಲ್ಚೀಲಗಳು ಉದುರಿದವು. ಹಿಂದಿನ ನಾನಾಗಿದ್ದರೆ ಮೂಲೆಗೆಸೆಯುತ್ತಿದ್ದೆ. ಆದರೆ ಈಗ ನಾನು ಕಾಲ್ಚೀಲಗಳ ವಿಷಯದಲ್ಲಿ ಅನುಭವಿ. ಸವೆದು ಬಿದ್ದ ತೂತಿಗೆ ಅಂಚಿನಲ್ಲಿ ನೂಲು ಜೋತಾಡುತ್ತದೆ, ಸುತ್ತಲಿನ ಬಟ್ಟೆ ತೆಳ್ಳಗಾಗಿರುತ್ತದೆ. ಇವು ಹೊಚ್ಚಹೊಸ ಕಾಲ್ಚೀಲಗಳು. ತೂತುಗಳು ಬಟ್ಟಲಿಟ್ಟು ಗೆರೆ ಎಳೆದಷ್ಟು ದುಂಡಗಿದ್ದವು. ಕತ್ತರಿಯ ಕೆಲಸ! ಬಲಗಾಲಿನದು ಸ್ವಲ್ಪ ಚಿಕ್ಕದು, ಎಡಗಾಲಿನದು ಸ್ವಲ್ಪ ದೊಡ್ಡದು.

ಸಂಜೆ ಯುನ್‌ಜು ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಳು. ನಾನು ಏಪ್ರನ್ನಿನಲ್ಲೇ ಹೋಗಿ ಎದುರು ನಿಂತೆ. ಸೆಬೊಮ್ ನನ್ನ ಕಾಲ ಬಳಿ ತನ್ನ ಕೆಲಸದಲ್ಲಿದ್ದಳು. ಕಾಲ್ಚೀಲಗಳೆರಡನ್ನೂ ನ್ಯಾಯಾಲಯದ ಸಾಕ್ಷ್ಯದಂತೆ ಎತ್ತಿ ಹಿಡಿದು, ಕೇಳಿದೆ: ‘ನಿಜ ಹೇಳು. ಇವನ್ನ ಕತ್ತರಿಸಿದ್ದು ಯಾರು?’

ಯುನ್‌ಜು ಬೂಟನ್ನು ಜೋಡಿಸಿ, ಮೂತಿ ಹೊರಬಾಗಿಲ ಕಡೆಗೆ ತಿರುಗಿಸಿ ಇಟ್ಟಳು.

‘ಬಲಗಾಲಿಂದು ನಾನು. ಎಡಗಾಲಿಂದು ನಿಮ್ಮಮ್ಮನ್ನ ಕೇಳಿ.’